ಗೊಬ್ಬರದಿಂದ ಲೇಸರ್ ಹರಳು: ಆರನೇ ವಾರ

ಎರಡನೇ ಹರಳೂ ಹೋಯಿತು. ಶನಿವಾರ ರಾತ್ರಿ ತೀರ್ಥಹಳ್ಳಿ ಕಡೆ ಗಾಳಿಮಳೆ. ಬೆಳಗಿನವರೆಗೂ ಕರೆಂಟ್ ಇಲ್ಲ. ಹರಳು ಬೆಳೆಯುವ ಜಾರನ್ನು ಬೆಚ್ಚಗಿಡುವ ಬಕೆಟ್ಟಿನ ನೀರು ತಣ್ಣಗಾಗಿ, ಜಾರಿನ ತಳದಲ್ಲಿ ಕಲ್ಲುಸಕ್ಕರೆ ಸುರಿದ ಹಾಗೆ ಪುಡಿ ಹರಳು. ನೂಲಿಗೆ ಕಟ್ಟಿದ್ದ ಹರಳಿನ ಮೈಮೇಲೂ ಮರಿಗಳು.

ನಾನು ಬೆಳೆಸುತ್ತಿರುವುದು ಕೆಡಿಪಿ, ಅಂದರೆ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಎಂಬ ಲವಣ. ತೋಟಕ್ಕೆ ಹೊಡೆಯುವ 0-52-34 ಗೊಬ್ಬರ ಇದೆಯಲ್ಲ, ಅದೇ ವಸ್ತು. ಕಣ್ಣಿಗೆ ಕಾಣದ 1064 ನ್ಯಾನೋಮೀಟರ್ ಲೇಸರ್ ಪಲ್ಸ್ ಹರಳಿನ ಅಕ್ಷಕ್ಕೆ ಸುಮಾರು 41 ಡಿಗ್ರಿ ಓರೆಯಾಗಿ ಹಾದರೆ, ಅದರಲ್ಲಿ ಒಂದು ಪಾಲು 532ರ ಹಸಿರಾಗಿ ಹೊರಬರುತ್ತದೆ. ಮೂಲ ಬೆಳಕು ಎರಡು ಪಟ್ಟಾದರೆ ಹಸಿರು ನಾಲ್ಕು ಪಟ್ಟು. ಹಾಗಾಗಿ ಅಂಚಿನ ಮಂಕು ಬೆಳಕಿನಿಂದ ಹಸಿರು ಹುಟ್ಟುವುದೇ ಕಮ್ಮಿ. ಕಿರಣದ ಅಗಲ ಸುಮಾರು 0.7 ಪಟ್ಟಿಗೆ ಇಳಿಯುತ್ತದೆ. ಬಣ್ಣ ಬದಲಾಗುವುದಕ್ಕಿಂತ ನನಗೆ ಇದೇ ಜಾಸ್ತಿ ಇಷ್ಟ.

ಮೊದಲನೆಯದು ಮೊಳೆಯ ಹಾಗೆ ತುದಿಗೆ ಚೂಪಾಗಿತ್ತು. ಗೊಬ್ಬರದಲ್ಲಿ ಕಬ್ಬಿಣದ ಅಂಶ ಇದ್ದರೆ ಪಕ್ಕದ ಮುಖಗಳು ಬೆಳೆಯುವುದೇ ಇಲ್ಲ. ಬಿಸಿನೀರಲ್ಲಿ ಕರಗಿಸಿ, ಸೋಸಿ, ಮತ್ತೆ ಹರಳುಗಟ್ಟಿಸಿದೆ. ಹೀಗೆ ಎರಡು ಸಲ. ಆಮೇಲೆ ಚೌಕ ಬಂತು.

ಮುಂದಿನ ಹರಳು ಬೆಳೆಸಲು ಬೀಜಕ್ಕೆಂದು ತಟ್ಟೆಯಲ್ಲಿಟ್ಟಿದ್ದ ಪುಟ್ಟ ಹರಳುಗಳನ್ನು ಅಮ್ಮ ತೊಳೆದಿಟ್ಟರು. "ಎಂಥದೋ ಉಪ್ಪು ಅಂದ್ಕೊಂಡೆ ಮಾರಾಯ." ಬೈಯುವ ಹಾಗೂ ಇಲ್ಲ. 1961ರಲ್ಲಿ ಮಿಶಿಗನ್‌ನ ಪೀಟರ್ ಫ್ರಾಂಕೆನ್ ತಂಡ ಮೊದಲ ಸಲ ಲೇಸರ್ ಬೆಳಕಿನ ಆವರ್ತನವನ್ನು ಹೀಗೆ ದುಪ್ಪಟ್ಟು ಮಾಡಿತು. ಅದಕ್ಕೆ ಸಾಕ್ಷಿಯಾಗಿ ಫೋಟೋದಲ್ಲಿದ್ದ ಸಣ್ಣ ಚುಕ್ಕೆಯನ್ನು ಪತ್ರಿಕೆಯವರು ಕೊಳೆ ಅಂತ ಅಳಿಸಿಬಿಟ್ಟಿದ್ದರಂತೆ!

ಕೆಟ್ಟ ಹರಳನ್ನು ಸುಮ್ನೆ ಎಸೆಯಲಿಲ್ಲ. ಒದ್ದೆ ಬಟ್ಟೆಯ ಮೇಲೆ ತಿಕ್ಕಿ ಎರಡೂ ತುದಿ ಸಪಾಟು ಮಾಡಿದೆ. ಹಳೇ ಕ್ಯಾಲ್ಕುಲೇಟರಿನ ಪೋಲರೈಸರ್ ಹಾಳೆಯನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವಂಥದ್ದು) ಎರಡು ತುಂಡು ಮಾಡಿ, ಒಂದಕ್ಕೊಂದು ಅಡ್ಡ ಹಿಡಿದು, ನಡುವೆ ಹರಳಿಟ್ಟೆ. ಮಂಕು ಟೇಪಿನ ಮೂಲಕ ಕೆಂಪು ಪಾಯಿಂಟರ್ ಬಿಟ್ಟರೆ ಗೋಡೆಯ ಮೇಲೆ ಕಪ್ಪು ಪ್ಲಸ್ ಗುರುತು, ಸುತ್ತ ಉಂಗುರಗಳು. ಪ್ಲಸ್ಸು ನಡುವೆ ಸ್ವಲ್ಪ ಬಿರಿದಿತ್ತು, ಅಂದರೆ ಹರಳಿನೊಳಗೆ ಬಿಗಿತ ಇದೆ. ಅರ್ಧ ಗಂಟೆಯಲ್ಲಿ ಮಳೆಗಾಲದ ತೇವಕ್ಕೆ ಮುಖವೂ ಮಂಜಾಯಿತು. ಈಗ ಅದು ಸಿಲಿಕಾ ಜೆಲ್ ಡಬ್ಬಿಯಲ್ಲಿದೆ.

ಮೂರನೆಯದಕ್ಕೆ ಮೀನಿನ ಥರ್ಮೋಕೋಲ್ ಪೆಟ್ಟಿಗೆ ತಂದೆ. ಅಕ್ವೇರಿಯಂ ಹೀಟರನ್ನು ಇನ್ವರ್ಟರ್‌ಗೆ ಹಾಕಲು ಅಪ್ಪ ಒಪ್ಪಲಿಲ್ಲ. ಪೆಟ್ಟಿಗೆಯಲ್ಲಾದರೆ ಕರೆಂಟ್ ಹೋದರೂ ನೀರು ನಿಧಾನಕ್ಕೆ ಆರುತ್ತದೆ. ಹಸಿರಿನ ಪರೀಕ್ಷೆ ಗೆಳೆಯನ ಕಾಲೇಜು ಲ್ಯಾಬಿನಲ್ಲೇ. ಕಾಣದ ಕಿರಣ ಕಣ್ಣು ತೆಗೆಯುತ್ತದೆ, ಮನೆಯಲ್ಲಿ ಬೇಡ.

ಇವತ್ತು ನೀರಿನ ಬಿಸಿ 41.5 ಡಿಗ್ರಿ ಸೆಲ್ಸಿಯಸ್, ಹರಳು 9 ಮಿಲಿಮೀಟರ್. ನಾಳೆ ಅರ್ಧ ಡಿಗ್ರಿ ಇಳಿಸುತ್ತೇನೆ.