ಪ್ಲೇಟ್ ಕೆಳಗಿನ ಗಾಳಿ: ಒಮ್ಮೆ ಸ್ಪ್ರಿಂಗ್, ಒಮ್ಮೆ ಭಾರ

ಮುಚ್ಚಿದ ಪೆಟ್ಟಿಗೆಯ ಒಂದು ಗೋಡೆಯಾಗಿರುವ ಪ್ಲೇಟ್ ಹೇಗೆ ಕಂಪಿಸುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಕೊನೆಗೂ ಪ್ಲೇಟ್ ಮತ್ತು ಒಳಗಿನ ಗಾಳಿ ಎರಡನ್ನೂ ಒಂದೇ ಲೆಕ್ಕದಲ್ಲಿ ಸೇರಿಸಿದೆ. ಕಳೆದ ಸಲದವರೆಗೆ ಅವು ಬೇರೆ ಬೇರೆಯಾಗಿ ಓಡುತ್ತಿದ್ದವು.

ಮಾದರಿ ಇಷ್ಟೇ. 50 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಪೆಟ್ಟಿಗೆ. ಐದು ಗೋಡೆ ಅಲುಗಾಡುವುದಿಲ್ಲ, ಆರನೆಯದು 2 ಮಿ.ಮೀ. ದಪ್ಪದ ಕಾರ್ಬನ್ ಫೈಬರ್ ಪ್ಲೇಟ್. ನಾಲ್ಕು ಪದರ: 0/90/90/0, ಅಂದರೆ ಹೊರಗಿನ ಎರಡರ ನಾರು ಪೆಟ್ಟಿಗೆಯ ಉದ್ದಕ್ಕೆ, ಒಳಗಿನ ಎರಡರದ್ದು ಅಗಲಕ್ಕೆ. ಪದರದ ಗಟ್ಟಿತನ ನಾರಿನ ಉದ್ದಕ್ಕೆ 130 ಗಿಗಾಪಾಸ್ಕಲ್, ಅಡ್ಡಕ್ಕೆ ಬರೀ 9. ಅಂಚುಗಳು ತಿರುಗಬಹುದು, ಆದರೆ ಮೇಲೆ ಕೆಳಗೆ ಹೋಗುವಂತಿಲ್ಲ.

ಪ್ಲೇಟ್ ಒಂದೇ ಇದ್ದಾಗ ಮೊದಲ ಮೋಡ್ (ಅದು ತಾನಾಗಿ ಕಂಪಿಸುವ ರೀತಿಗಳಲ್ಲಿ ಅತಿ ನಿಧಾನದ್ದು) 42 ಹರ್ಟ್ಜ್. ಅದೇ ಪ್ಲೇಟಿನ ಪದರಗಳನ್ನು 90 ಡಿಗ್ರಿ ತಿರುಗಿಸಿದರೆ 53. ತೂಕದಲ್ಲಿ ಒಂದು ಗ್ರಾಂ ವ್ಯತ್ಯಾಸವಿಲ್ಲ! ಬಾಗುವ ಗಟ್ಟಿತನದಲ್ಲಿ ಹೊರಗಿನ ಎರಡು ಪದರಗಳದ್ದೇ ಎಂಟರಲ್ಲಿ ಏಳು ಪಾಲು. ಅವುಗಳ ನಾರು ಗಿಡ್ಡ ಬದಿಯ ಉದ್ದಕ್ಕೆ ಬಂದರೆ ಪ್ಲೇಟ್ ಬಿಗಿಯಾಗುತ್ತದೆ.

ಈಗ ಗಾಳಿ ಸೇರಿಸೋಣ. ಪೆಟ್ಟಿಗೆಯೊಳಗಿನ ಗಾಳಿಯ ಮೊದಲ ಅನುರಣನ 343 ಹರ್ಟ್ಜ್‌ನಲ್ಲಿದೆ. 42 ಎಲ್ಲಿ, 343 ಎಲ್ಲಿ? ಇಷ್ಟು ದೂರ ಇದ್ದರೆ ಒಂದಕ್ಕೊಂದು ತಾಗಲ್ಲ ಅಂತ ಯಾರಿಗಾದರೂ ಅನಿಸುತ್ತೆ, ಅಲ್ವಾ? ಆದರೆ ಮೊದಲ ಮೋಡ್ 42ರಿಂದ ಸುಮಾರು 64ಕ್ಕೆ ಜಿಗಿಯಿತು.

ಕಾರಣ ಗಾಳಿಯ ಸೊನ್ನೆ ಹರ್ಟ್ಜ್ ಮೋಡ್. ಪೆಟ್ಟಿಗೆಯ ತುಂಬ ಒತ್ತಡ ಒಂದೇ ಸಮ ಏರಿ ಇಳಿಯುವುದನ್ನು ಲೆಕ್ಕದಲ್ಲಿ ಹಿಡಿಯುವುದು ಅದೇ. ಮೊದಲ ಮೋಡಿನಲ್ಲಿ ಇಡೀ ಪ್ಲೇಟ್ ಒಟ್ಟಿಗೆ ಒಳಗೆ ಹೋಗುತ್ತದೆ, ಗಾಳಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಸೈಕಲ್ ಪಂಪಿನ ಬಾಯಿಯನ್ನು ಬೆರಳಿಂದ ಮುಚ್ಚಿ ಒತ್ತಿದ ಹಾಗೆ. ಇದನ್ನು ಪಕ್ಕಾ ಮಾಡಿಕೊಳ್ಳಲು ಬೇಕೆಂದೇ ಆ ಮೋಡ್ ಒಂದನ್ನೇ ತೆಗೆದು ಓಡಿಸಿದೆ. ಬಂದದ್ದು 41. ಏರಬೇಕಾದದ್ದು ಇಳಿದಿತ್ತು! ಸೊನ್ನೆ ಹರ್ಟ್ಜ್ ಅಂದರೆ ಕಂಪನವೇ ಇಲ್ಲ ಅಂದುಕೊಂಡು ಸುಮ್ನೆ ಅದನ್ನು ಬಿಟ್ಟುಬಿಡುವವರಿಗೆ ಈ ಒಂದು ಪರೀಕ್ಷೆ ಸಾಕು.

ಎರಡನೇ ಮೋಡ್ ನನಗೆ ಇನ್ನೂ ಇಷ್ಟವಾಯಿತು. ಅಲ್ಲಿ ಪ್ಲೇಟಿನ ಅರ್ಧ ಒಳಗೆ ಹೋದರೆ ಇನ್ನರ್ಧ ಹೊರಗೆ ಬರುತ್ತದೆ. ಒಟ್ಟು ಗಾತ್ರ ಬದಲಾಗುವುದೇ ಇಲ್ಲ. ಗಾಳಿ ಅಮುಕಿಕೊಳ್ಳದೆ ಆ ಕಡೆಯಿಂದ ಈ ಕಡೆಗೆ ಹರಿಯುತ್ತದೆ, ಪ್ಲೇಟ್ ಅದನ್ನೂ ಹೊತ್ತು ಓಡಾಡಬೇಕು. ಹಾಗಾಗಿ 100 ಹರ್ಟ್ಜ್ ಇದ್ದದ್ದು ಒಂದೆರಡು ಹರ್ಟ್ಜ್ ಇಳಿಯಿತು. ಅದೇ ಪೆಟ್ಟಿಗೆ, ಅದೇ ಗಾಳಿ. ಮೊದಲ ಮೋಡಿಗೆ ಸ್ಪ್ರಿಂಗ್, ಎರಡನೆಯದಕ್ಕೆ ಭಾರ.

ಆಳವನ್ನು 30ರಿಂದ 10 ಸೆಂ.ಮೀ.ಗೆ ಇಳಿಸಿದಾಗ ಮೊದಲ ಮೋಡ್ 90 ದಾಟಿತು. ಪದರ ತಿರುಗಿಸುವುದರ ಲಾಭವೂ ಗಾಳಿ ಸೇರಿದ ಮೇಲೆ ಕಡಿಮೆಯಾಗುತ್ತದೆ. 30 ಸೆಂ.ಮೀ. ಆಳದಲ್ಲೇ 11 ಹರ್ಟ್ಜ್ ಇದ್ದ ಅಂತರ ಎಂಟರ ಹತ್ತಿರಕ್ಕೆ ಬಂತು. ಗಟ್ಟಿತನದ ದೊಡ್ಡ ಪಾಲು ಈಗ ಗಾಳಿಯದ್ದು, ಅದಕ್ಕೆ ನಾರಿನ ದಿಕ್ಕು ಗೊತ್ತಿಲ್ಲ. ತೆಳು ಪೆಟ್ಟಿಗೆಗೆ ಪದರಗಳ ಜೋಡಣೆ ಆರಿಸುವವರು ಪ್ಲೇಟ್ ಒಂದನ್ನೇ ನೋಡಿ ತೀರ್ಮಾನ ಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಮೆಶ್, ಅಂದರೆ ಲೆಕ್ಕಕ್ಕಾಗಿ ಪ್ಲೇಟನ್ನೂ ಗಾಳಿಯನ್ನೂ ಸಣ್ಣ ತುಂಡುಗಳಾಗಿ ಒಡೆಯುವ ಜಾಲ. 500 ಹರ್ಟ್ಜ್‌ನಲ್ಲಿ ಗಾಳಿಯ ತರಂಗ 69 ಸೆಂ.ಮೀ. ಉದ್ದ. ಪ್ಲೇಟಿನ ಬಾಗುವ ತರಂಗ ಅದರ ಮೆದು ದಿಕ್ಕಿನಲ್ಲಿ 17 ಮಾತ್ರ. ಎರಡಕ್ಕೂ ಒಂದೇ ಮೆಶ್ ಹಾಕಿದರೆ ಗಾಳಿಯ ಕಡೆ ಬೇಡದ ಲೆಕ್ಕ ಜಾಸ್ತಿ. ಅದಕ್ಕೇ ಗಾಳಿಗೆ ದೊಡ್ಡ ಚೌಕ, ಪ್ಲೇಟಿಗೆ ಸಣ್ಣದು ಇಟ್ಟು, ನಡುವೆ ಒತ್ತಡವನ್ನು ದಾಟಿಸುವ ಕೋಡ್ ಬರೆಯುತ್ತಿದ್ದೇನೆ. ಅದು ಮುಗಿದ ಮೇಲೆ ಡ್ಯಾಂಪಿಂಗ್ (ಕಂಪನ ಮೆಲ್ಲಗೆ ಕುಗ್ಗುವುದು), ಆಮೇಲೆ ಬಿಗಿಯಾಗಿ ಹಿಡಿದ ಅಂಚುಗಳು.