ಯಾವ ಏರೋಬ್ರಿಡ್ಜ್ ಮೊದಲು ಕಳಚಬೇಕು?

ಹೊರರಾಜ್ಯದ ಪೂರ್ವ ಕರಾವಳಿಯಲ್ಲಿರುವ ವಿಮಾನ ನಿಲ್ದಾಣವೊಂದರ ಹಳೆಯ ಏರೋಬ್ರಿಡ್ಜ್‌ಗಳನ್ನು, ಅಂದರೆ ಟರ್ಮಿನಲ್‌ನಿಂದ ನೇರವಾಗಿ ವಿಮಾನದ ಬಾಗಿಲಿಗೆ ನಡೆದುಹೋಗುವ ಚಲಿಸುವ ಸೇತುವೆಗಳನ್ನು, ಬದಲಾಯಿಸಲು ಯೋಜನೆ ಸಿದ್ಧಪಡಿಸುವ ಕೆಲಸ ನಮ್ಮ ಸಣ್ಣ ತಂಡಕ್ಕೆ ಬಂದಿತ್ತು. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿರುವ ನಮ್ಮ ಕಚೇರಿಯಲ್ಲಿ ಒಂದು ಭಾನುವಾರ ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಕುಳಿತು ನಾವು ತೀರ್ಮಾನಿಸಬೇಕಾಗಿದ್ದದ್ದು ಒಂದೇ ವಿಷಯ: ಯಾವುದನ್ನು ಮೊದಲು ಕಳಚಬೇಕು, ಯಾವುದನ್ನು ಕೊನೆಗೆ ಉಳಿಸಿಕೊಳ್ಳಬೇಕು.

ನಮಗೆ ಕಳುಹಿಸಿದ್ದ ಪಟ್ಟಿಯಲ್ಲಿ 12 ಏರೋಬ್ರಿಡ್ಜ್‌ಗಳನ್ನು ವಯಸ್ಸಿನ ಕ್ರಮದಲ್ಲಿ ಬರೆಯಲಾಗಿತ್ತು. ಇವುಗಳ ಬಾಳಿಕೆ ಸಾಮಾನ್ಯವಾಗಿ 20ರಿಂದ 25 ವರ್ಷ ಎನ್ನುತ್ತಾರಾದ್ದರಿಂದ ಆ ಕ್ರಮ ಮೇಲ್ನೋಟಕ್ಕೆ ಸರಿಯೆಂದೇ ಕಾಣುತ್ತಿತ್ತು. ಅದನ್ನು ಮೊದಲು ಪ್ರಶ್ನಿಸಿದವರು ನಮ್ಮೊಂದಿಗಿದ್ದ ಶಿಡ್ಲಘಟ್ಟದ ಹಿರಿಯ ಮೆಕ್ಯಾನಿಕ್. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ನಮ್ಮ ಜಿಲ್ಲೆಯಿಂದ ಅಲ್ಲಿಗೆ ಕೆಲಸಕ್ಕೆ ಹೋದ ಹಲವರಲ್ಲಿ ಅವರೂ ಒಬ್ಬರು. ಏರೋಬ್ರಿಡ್ಜ್ ನಿರ್ವಹಣೆಯಲ್ಲೇ ನುರಿತವರು.

"ಮೇಡಂ, ತುಕ್ಕು ಹಿಡಿದ್ರೆ ಕಣ್ಣಿಗೆ ಕಾಣುತ್ತೆ, ವೆಲ್ಡಿಂಗ್ ಮಾಡಿಸಬಹುದು. ಕಂಟ್ರೋಲರ್ ಕಾರ್ಡ್ ಹೋದ್ರೆ ಬ್ರಿಡ್ಜ್ ವಿಮಾನದ ಪಕ್ಕಾನೇ ನಿಂತುಬಿಡುತ್ತೆ. ಆ ಕಾರ್ಡ್ ಈಗ ಯಾರು ತಯಾರು ಮಾಡ್ತಾರೆ ಹೇಳಿ?" ಎಂದರು.

ಆ ಮಾತಿನಿಂದ ಇಡೀ ಚರ್ಚೆಯ ದಿಕ್ಕು ಬದಲಾಯಿತು. ಪಟ್ಟಿಯ 12ರಲ್ಲಿ 7 ಏರೋಬ್ರಿಡ್ಜ್‌ಗಳಿಗೆ ಅವುಗಳ ಚಲನೆಯನ್ನು ನಿಯಂತ್ರಿಸುವ ಒಂದೇ ಮಾದರಿಯ ಕಂಟ್ರೋಲರ್ ಇದ್ದು, ಅದರ ಬಿಡಿಭಾಗಗಳ ತಯಾರಿಕೆ ನಿಂತುಹೋಗಿತ್ತು. ಈ ಏಳರಲ್ಲಿ ಒಂದನ್ನು ಮೊದಲು ಕಳಚಿದರೆ ಅದರ ಕಾರ್ಡ್‌ಗಳು, ಮೋಟರ್‌ಗಳು, ಚಲನೆಯನ್ನು ಮಿತಿಯಲ್ಲಿ ನಿಲ್ಲಿಸುವ ಲಿಮಿಟ್ ಸ್ವಿಚ್‌ಗಳು ಉಳಿದ ಆರನ್ನು ಯೋಜನೆ ಮುಗಿಯುವವರೆಗೆ ನಡೆಸಿಕೊಂಡು ಹೋಗಬಲ್ಲವು. ಅತ್ಯಂತ ಹಳೆಯದಾದ, 2ನೇ ಸಂಖ್ಯೆಯ ಏರೋಬ್ರಿಡ್ಜ್‌ನ ಕಂಟ್ರೋಲರ್ ಬೇರೆ ಮಾದರಿಯದು. ಅದನ್ನು ಮೊದಲು ಕಳಚಿದರೆ ಉಳಿದವುಗಳಿಗೆ ಅದರಿಂದ ಏನೂ ದಕ್ಕುವುದಿಲ್ಲ. ಕಳಚಿದ್ದನ್ನು ಗುಜರಿಗೆ ಹಾಕುವ ಮೊದಲು ಬಿಡಿಭಾಗಗಳನ್ನು ಪರೀಕ್ಷಿಸಿ ಉಗ್ರಾಣಕ್ಕೆ ಒಪ್ಪಿಸಬೇಕೆಂಬ ಷರತ್ತನ್ನು ಟೆಂಡರ್ ಕರಡಿಗೆ ಅಲ್ಲಿಯೇ ಸೇರಿಸಿದೆವು.

ಮುಂದೆ ಆ ಮೆಕ್ಯಾನಿಕ್ ಕೇಳಿದ್ದು ಆಟೋ ಲೆವೆಲರ್‌ನ ದೋಷಗಳನ್ನು ಬರೆದಿಟ್ಟ ಲಾಗ್‌ಬುಕ್. ಪ್ರಯಾಣಿಕರೂ ಲಗೇಜೂ ಇಳಿದಂತೆ ವಿಮಾನ ಸ್ವಲ್ಪ ಮೇಲೇಳುತ್ತದೆ, ಇಂಧನ ತುಂಬಿ ಜನ ಹತ್ತಿದಂತೆ ಕೆಳಗಿಳಿಯುತ್ತದೆ. ವಿಮಾನದ ಮೈಗೆ ತಾಗಿ ನಿಲ್ಲುವ ಚಿಕ್ಕ ಚಕ್ರವೊಂದು ಈ ಏರಿಳಿತವನ್ನು ಗ್ರಹಿಸಿ ಏರೋಬ್ರಿಡ್ಜ್‌ನ ಎತ್ತರವನ್ನು ಸರಿಹೊಂದಿಸುತ್ತದೆ. ಅದು ತಪ್ಪಿದರೆ ತೆರೆದ ಬಾಗಿಲಿನ ಕೆಳಅಂಚು ಏರೋಬ್ರಿಡ್ಜ್ ತುದಿಯ ಕ್ಯಾಬಿನ್ನಿನ ನೆಲಕ್ಕೆ ಒತ್ತಿಕೊಂಡು ಹಾನಿಗೊಳ್ಳಬಹುದು. ಅದನ್ನು ತಡೆಯಲು ಬಾಗಿಲಿನ ಕೆಳಗೆ ಇಡುವ ಸೇಫ್ಟಿ ಶೂ ಎಂಬ ಸಂವೇದಕವೇ ಕೊನೆಯ ರಕ್ಷಣೆ. ವಯಸ್ಸಿನಲ್ಲಿ ಕಿರಿಯದಾದ 9ನೆಯದರಲ್ಲಿ ಈ ದೋಷ ಮತ್ತೆ ಮತ್ತೆ ದಾಖಲಾಗಿತ್ತು. ಪಟ್ಟಿಯ ಕೆಳಭಾಗದಲ್ಲಿದ್ದ ಅದು ಮೂರನೇ ಸ್ಥಾನಕ್ಕೆ ಏರಿತು. ನಿತ್ಯ ನಡೆಸುವ ಆಪರೇಟರ್‌ಗಳ ಕೈಬರಹದ ಟಿಪ್ಪಣಿಗಳಿಗೆ ಖರೀದಿಯ ವರ್ಷಕ್ಕಿಂತ ಹೆಚ್ಚಿನ ಬೆಲೆ ಕೊಡಬೇಕೆಂದು ನಾನು ಇಂದಿಗೂ ದೃಢವಾಗಿ ನಂಬುತ್ತೇನೆ.

ಕಾಲದ ಲೆಕ್ಕ ಇನ್ನಷ್ಟು ಬಿಗಿಯಾಗಿತ್ತು. ನಮ್ಮ ಕಡೆ ಜೂನ್ ಬಂತೆಂದರೆ ಮಳೆಗಾಲ. ಆ ಪೂರ್ವ ಕರಾವಳಿಯಲ್ಲಿ ಜೋರು ಮಳೆಯೂ ಚಂಡಮಾರುತಗಳೂ ಹೆಚ್ಚಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಗಾಳಿಯಲ್ಲಿ ಕ್ರೇನ್‌ನಿಂದ ಏರೋಬ್ರಿಡ್ಜ್‌ನ ಉದ್ದನೆಯ ಉಕ್ಕಿನ ಸುರಂಗವನ್ನು ಎತ್ತುವುದು ಅಪಾಯಕರ. ಏಪ್ರಿಲ್–ಮೇ ಶಾಲೆಗಳಿಗೆ ರಜೆಯ ಕಾಲವಾದ್ದರಿಂದ ಪ್ರಯಾಣಿಕರ ದಟ್ಟಣೆ. ಹಾಗಾಗಿ ಜನವರಿಯಿಂದ ಮಾರ್ಚ್ ಮತ್ತು ಜೂನ್‌ನಿಂದ ಸೆಪ್ಟೆಂಬರ್, ಈ ಎರಡು ಅವಧಿಗಳು ಮಾತ್ರ ಉಳಿದವು. ಅದರಲ್ಲೂ ಕ್ರೇನ್ ಕೆಲಸ ರಾತ್ರಿಯ ವೇಳೆ, ಕ್ರೇನ್‌ನ ಎತ್ತರಕ್ಕೆ ಅನುಮತಿ ಪಡೆದು, ಪೈಲಟ್‌ಗಳಿಗೆ ನೋಟಾಮ್ ಎಂಬ ಎಚ್ಚರಿಕೆಯ ಸೂಚನೆ ಹೊರಡಿಸಿದ ಮೇಲೆ.

ಅಡಿಪಾಯದ ಬಗ್ಗೆ ನಮ್ಮ ಸಿವಿಲ್ ಎಂಜಿನಿಯರ್ ಹಿಡಿದ ಹಠ ನನಗೆ ಸರಿ ಅನಿಸಿತು. ಟರ್ಮಿನಲ್‌ಗೆ ಹೊಂದಿಕೊಂಡ ರೊಟುಂಡಾದ (ಏರೋಬ್ರಿಡ್ಜ್ ತಿರುಗಲು ಆಧಾರವಾಗಿರುವ ದುಂಡನೆಯ ಭಾಗ) ಕಂಬದ ಹಳೆಯ ಬೋಲ್ಟ್‌ಗಳಿಗೆ ಹೊಸ ಏರೋಬ್ರಿಡ್ಜ್ ಹೊಂದುತ್ತದೆಂದು ಊಹಿಸುವಂತಿಲ್ಲ. ನಿಂತ ವಿಮಾನಕ್ಕೆ 400 ಹರ್ಟ್ಸ್ ವಿದ್ಯುತ್ತನ್ನೂ ತಂಪುಗಾಳಿಯನ್ನೂ ಒದಗಿಸುವ ಉಪಕರಣಗಳನ್ನು ಹೊಸದಕ್ಕೆ ತೂಗುಹಾಕಿದರೆ ಭಾರವೂ ಹೆಚ್ಚುತ್ತದೆ. ಕಾಂಕ್ರೀಟಿನ ಪರೀಕ್ಷೆ ಮುಗಿಯುವ ಮುನ್ನ ತಯಾರಿಕೆಗೆ ಆದೇಶ ಕೊಡಬಾರದೆಂದು ಬರೆದೆವು.

ಸಂಜೆಯ ಹೊತ್ತು ಪೂರ್ತಿ ಹೋದದ್ದು ಗಾಲಿಕುರ್ಚಿಯ ಪ್ರಯಾಣಿಕರ ವಿಚಾರಕ್ಕೆ, ಮತ್ತು ಹೋಗಲೇಬೇಕಿತ್ತು. ಏರೋಬ್ರಿಡ್ಜ್ ಇಲ್ಲದ ಗೇಟಿನಲ್ಲಿ ಉಳಿದವರು ಬಸ್ಸಿನಲ್ಲಿ ಹೋಗಿ ಮೆಟ್ಟಿಲು ಹತ್ತಬಹುದು. ನಡೆಯಲಾಗದವರಿಗೆ ಆಂಬುಲಿಫ್ಟ್, ಅಂದರೆ ಗಾಲಿಕುರ್ಚಿ ಸಮೇತ ವಿಮಾನದ ಬಾಗಿಲಿನವರೆಗೆ ಎತ್ತುವ ವಾಹನ, ಬೇಕೇ ಬೇಕು. ಏಕಕಾಲಕ್ಕೆ ಮೂರನ್ನು ಕಳಚಿದರೆ ಕೆಲಸ ಬೇಗ ಮುಗಿಯುತ್ತದೆಂಬ ವಾದವಿತ್ತು. ಇರುವ ಆಂಬುಲಿಫ್ಟ್‌ಗಳು ಎರಡೇ ಆಗಿದ್ದು, ಬೆಳಗಿನ ಜಾವ ಸಾಲಾಗಿ ಹೊರಡುವ ವಿಮಾನಗಳಿಗೆ ಅವು ಸಾಲುವುದಿಲ್ಲವೆಂದು ವೇಳಾಪಟ್ಟಿಯಿಂದಲೇ ಸ್ಪಷ್ಟವಾಗುತ್ತಿತ್ತು. ವೃದ್ಧರೊಬ್ಬರು ಅರ್ಧ ಗಂಟೆ ಕಾಯುವುದನ್ನು ಯೋಜನೆಯ ಉಳಿತಾಯವೆಂದು ತೋರಿಸಲು ನಾನು ಒಪ್ಪಲಿಲ್ಲ. ಒಮ್ಮೆಗೆ ಎರಡು ಮಾತ್ರ, ಅವೂ ಟರ್ಮಿನಲ್ಲಿನ ಎರಡು ತುದಿಗಳಲ್ಲಿ ಎಂಬುದು ಕೊನೆಗೆ ಎಲ್ಲರ ಒಪ್ಪಿಗೆಯಾಯಿತು.

ಹೊಸ ಕ್ರಮದಲ್ಲಿ 5ನೆಯದೂ 11ನೆಯದೂ ಮೊದಲ ಜೋಡಿಯಾದವು. ಎರಡೂ ಆ ಏಳರ ಗುಂಪಿನವು. ಕೆಲಸ ನಡೆಯುವಷ್ಟು ಕಾಲಕ್ಕೆ ಇನ್ನೊಂದು ಆಂಬುಲಿಫ್ಟನ್ನು ಬಾಡಿಗೆಗೆ ಪಡೆಯುವ ಖರ್ಚನ್ನು ಯೋಜನೆಯ ಅಂದಾಜಿನಲ್ಲೇ ಪ್ರತ್ಯೇಕ ಬಾಬತ್ತಾಗಿ ತೋರಿಸಿ, ವರದಿಯನ್ನು ಮರುದಿನ ಕಳುಹಿಸಿದೆವು.