ರೂಲ್ಸ್ ಬಿಗಿ ಮಾಡಿದರೆ ಖರ್ಚು ಇಳಿಯುತ್ತಾ?

ಅಮೆರಿಕದ ಮಣ್ಣಿನ ಟ್ರ್ಯಾಕ್‌ನಲ್ಲಿ ಓಡುವ 'ಸ್ಪ್ರಿಂಟ್ ಕಾರು' ಅನ್ನೋ ರೇಸ್ ಕಾರುಗಳ ಹುಚ್ಚು ನನಗೆ. ದೊಡ್ಡ ಕ್ಲಾಸ್ ಅಂದ್ರೆ 410, ಅಂದರೆ 410 ಘನ ಇಂಚಿನ, ಸುಮಾರು 6.7 ಲೀಟರ್ ಇಂಜಿನ್, ಮೆಥನಾಲ್ ಕುಡಿದು ಹತ್ತಿರ ಹತ್ತಿರ 900 ಕುದುರೆ ಶಕ್ತಿ ಉಗುಳುತ್ತೆ. ಒಳಗೆ ಏನು ಮಾಡಿಕೊಳ್ಳುತ್ತೀರೋ ಬಹುಪಾಲು ನಿಮ್ಮಿಷ್ಟ. ಇಂಜಿನ್ ಒಂದಕ್ಕೇ ಹತ್ತಾರು ಸಾವಿರ ಡಾಲರ್!

ಅದಕ್ಕೇ 360, 305 ಅಂತ ಚಿಕ್ಕ ಕ್ಲಾಸ್‌ಗಳು ಬಂದವು, ಅಲ್ಲಿ ರೂಲ್ಸ್ ಜಾಸ್ತಿ. ಸಾಮಾನ್ಯರೂ ಓಡಿಸಲಿ ಅನ್ನೋ ಲೆಕ್ಕ, ಒಳ್ಳೆಯದೇ. ಆದರೆ ದುಡ್ಡಿದ್ದವನು ಸುಮ್ನೆ ಇರುತ್ತಾನಾ? ದೊಡ್ಡದಾಗಿ ಬದಲಾಯಿಸೋಕೆ ಬಿಡದಿದ್ದರೆ ಚಿಕ್ಕ ಚಿಕ್ಕದರಲ್ಲೇ ಶಕ್ತಿ ಹಿಂಡೋಕೆ ಸುರಿಯುತ್ತಾನೆ, ಆಮೇಲೆ 360ಕ್ಕೂ ಬಡವ ದೂರವೇ.

ಹಾಗಂತ 410 ಪೂರ್ತಿ ಓಪನ್ನೂ ಅಲ್ಲ ಬಿಡಿ. 1978ರಲ್ಲಿ ಟೆಡ್ ಜಾನ್ಸನ್ 'ವರ್ಲ್ಡ್ ಆಫ್ ಔಟ್‌ಲಾಸ್' ಅನ್ನೋ ರೇಸ್ ಸರಣಿ ಶುರು ಮಾಡಿದರು, ಹೆಸರೇ ಕಾನೂನು ಮೀರಿದವರು ಅಂತ. 410ಗಳು ಓಡುವ ಆ ಸರಣಿಯಲ್ಲೂ ಈಗ ಕಾರನ್ನು ನೆಲಕ್ಕೆ ಒತ್ತಿ ಹಿಡಿಯೋ ಮೇಲಿನ ರೆಕ್ಕೆ 25 ಚದರಡಿ ಮೀರುವಂತಿಲ್ಲ, ಕನಿಷ್ಠ ತೂಕ ಇರಲೇಬೇಕು.

ನನ್ನ ಕೇಳಿದರೆ ಟೈರ್ ಮೇಲೆ ಬಿಗಿ ಇರಲಿ, ಅದು ಪ್ರತಿ ವಾರದ ಖರ್ಚು. ಇಂಜಿನ್ ತಂಟೆಗೆ ಹೋಗಬೇಡಿ. ಅಯೋವಾದ ಹೆಸರಾಂತ ಸ್ಪ್ರಿಂಟ್ ಕಾರ್ ಟ್ರ್ಯಾಕ್ ನಾಕ್ಸ್‌ವಿಲ್‌ಗೆ ಜನ ಬರೋದೇ ಆ ಇಂಜಿನ್ ಸದ್ದಿಗೆ.